ವಿಲ್ಸನ್ ಪಂಡಿತರ ಗ್ರಂಥಸೂಚಿ

ಕರ್ನಲ್ ಕಾಲಿನ್ ಮೆಕೆಂಜಿಯವರು ದಕ್ಷಿಣದೇಶದಲ್ಲಿ ಕೂಡಿಸಿದ ಓಲೆಗ್ರಂಥ, ಶಾಸನಪ್ರತಿ, ಕೈಫಿಯತ್ತುಗಳಿಗೆ, ಅವರು 1821ರಲ್ಲಿ ತೀರಿಕೊಂಡ ಬಳಿಕ, ಹೊರೇಸ್ ಹೇಮನ್ ವಿಲ್ಸನ್ ಪಂಡಿತರು ವಿವರಣಾತ್ಮಕವಾದ ಸೂಚಿಯೊಂದನ್ನು ರಚಿಸಿ 1828ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಿಸಿದರು. ಎರಡು ಸಂಪುಟಗಳ ಈ ಗ್ರಂಥದಿಂದ ಚರಿತ್ರಕಾರರಿಗಾದ ಉಪಕಾರವು ಅಲ್ಪವಲ್ಲ.

ಆದರೆ ಕೈಫಿಯತ್ತುಗಳ ಭಾಗದಲ್ಲಿ ಒಂದು ನ್ಯೂನತೆಯುಂಟು. ವಿಲ್ಸನರು ಸಂಸ್ಕೃತದಲ್ಲಿ ಪಾರಂಗತರೇ ಹೊರತು ದಕ್ಷಿಣದ ದೇಶಭಾಷೆಗಳನ್ನು ಬಲ್ಲವರಲ್ಲ; ದೇಶೀಯ ಸಹಾಯಕರು ಇಂಗ್ಲಿಷಿನಲ್ಲಿ ಮಾಡಿಕೊಟ್ಟ ಸಾರಾಂಶಗಳನ್ನೇ ನೆಚ್ಚಬೇಕಾಯಿತು. ಇದಕ್ಕಾಗಿ ಅವರನ್ನು ಆಕ್ಷೇಪಿಸಲಾಗದು. ಕೈಫಿಯತ್ತೆಂದರೆ ಶಾನುಭೋಗನೋ ಅರ್ಚಕನೋ ಹೇಳಿ ಬರೆಯಿಸಿದ ಊರಿನ ವೃತ್ತಾಂತ. ಮಾನ್ಯದ ಹೊಲವನ್ನು ಅನುಭವಿಸತಕ್ಕವನೇ ಆ ಮಾನ್ಯದ ಪ್ರಾಚೀನತೆಯನ್ನು ವರ್ಣಿಸುವಾಗ, ಹೇಳಿದವನಾರೆಂಬುದೇ ಅರ್ಧ ಚರಿತ್ರೆಯಲ್ಲವೆ? ಸೂಚಿಯಲ್ಲಿ ಸ್ಥಳವೂ ವಿಷಯವೂ ಉಂಟು; ವಕ್ತೃವನ್ನು ಸಾಮಾನ್ಯವಾಗಿ ಕಾಣೆವು.

ನಮ್ಮ ಪೂರ್ವಿಕರ ಕ್ರಮವನ್ನು ವಾಚಕರು ಇದರೊಡನೆ ಹೋಲಿಸಿ ನೋಡಬೇಕು. ಕಾತ್ಯಾಯನರ ಸರ್ವಾನುಕ್ರಮಣಿಯು ಋಗ್ವೇದದ ಒಂದೊಂದು ಸೂಕ್ತಕ್ಕೂ ಮೊದಲ ಪದ, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸುಗಳನ್ನು ಕೊಡುತ್ತದೆ. ಒಂದಕ್ಷರ ಉಳಿದರೂ ಹಿಗ್ಗುವ ಸೂತ್ರಕಾರರು ಋಷಿಯನ್ನು ಮಾತ್ರ ಬಿಡಲಿಲ್ಲ. (ಪಾಠಶಾಲೆಯ ಬಾಲಕರಿಗೆ ಅದು ಬೇಸರದ ಪಾಠವೆಂಬುದೂ ನಿಜವೇ!)

ಎಂ. ಎಂ. ಕಲಬುರ್ಗಿಯವರು 1994ರಲ್ಲಿ ‘ಕರ್ನಾಟಕದ ಕೈಫಿಯತ್ತುಗಳು’ ಎಂಬ ಸಂಗ್ರಹವನ್ನು ಸಂಪಾದಿಸಿದ ಮೇಲೆ ಕನ್ನಡಿಗರಿಗೆ ಮೂಲವೇ ಲಭ್ಯವಾಗಿದೆ. ಆದಾಗ್ಯೂ ಅಚ್ಚಾಗದ ಕಡತಗಳು ಬಹಳವಿವೆ. ಅವುಗಳಿಗೆ ಸೂಚಿ ಬರೆಯತಕ್ಕವರು ವಿಷಯಸಂಗ್ರಹಕ್ಕೆ ಮುಂಚೆ ವಕ್ತೃವನ್ನೂ ಲಿಪಿಕಾರನನ್ನೂ ನಮೂದಿಸಲಿ. ಹೆಸರು ತಿಳಿಯದಿದ್ದರೆ ತಿಳಿಯದೆಂದೇ ಬರೆದು, ಸಾರಾಂಶವು ಯಾರದೆಂಬುದನ್ನೂ ಅದರ ಕೆಳಗೆ ಕಾಣಿಸಲಿ.