ಓಡದ ಭಾನುವಾರ, ಆಡಿಸಿದ ಭಾನುವಾರ

‘ಚಾರಿಯಟ್ಸ್ ಆಫ್ ಫೈರ್’ ಚಿತ್ರವನ್ನು ನೋಡದವರೂ ಅದರ ಸಂಗೀತವನ್ನು ಕೇಳಿರುತ್ತಾರೆ. ಬಿಳಿ ಬಟ್ಟೆ ತೊಟ್ಟ ಹುಡುಗರು ಕಡಲ ದಂಡೆಯಲ್ಲಿ ಬರಿಗಾಲಲ್ಲಿ ಓಡುವ ದೃಶ್ಯಕ್ಕೆ ವಾಂಜೆಲಿಸ್ ಕೊಟ್ಟ ಸಂಗೀತ ಅದು. 1981ರಲ್ಲಿ ಹ್ಯೂ ಹಡ್ಸನ್ ನಿರ್ದೇಶಿಸಿದ ಈ ಇಂಗ್ಲಿಷ್ ಚಿತ್ರಕ್ಕೆ ಮರುವರ್ಷ ಅತ್ಯುತ್ತಮ ಚಿತ್ರದ್ದೂ ಸೇರಿ 4 ಆಸ್ಕರ್ ಬಂದವು. ಬಂದದ್ದು ಸರಿಯೇ. ಆದರೂ ನೋಡಿ ಮುಗಿಸಿದ ಮೇಲೆ, ಹೇಳಬೇಕಾದ ಅರ್ಧ ಕತೆಯನ್ನು ಇವರು ಹೇಳಲೇ ಇಲ್ಲವಲ್ಲ ಎಂಬ ಅಸಮಾಧಾನ ನನ್ನಲ್ಲಿ ಉಳಿಯಿತು.

ಕತೆ 1924ರ ಪ್ಯಾರಿಸ್ ಒಲಿಂಪಿಕ್ಸಿನದು. ಓಟಗಾರರು ಇಬ್ಬರು. ಹೆರಾಲ್ಡ್ ಅಬ್ರಹಾಮ್ಸ್ ಯೆಹೂದಿ. ತನ್ನ ಜನರನ್ನು ಕೀಳಾಗಿ ಕಾಣುವವರ ಬಾಯಿ ಮುಚ್ಚಿಸಲು ಓಡುತ್ತಾನೆ. ಎರಿಕ್ ಲಿಡೆಲ್ ಸ್ಕಾಟ್ಲೆಂಡಿನವನು, ಚೀನಾದಲ್ಲಿ ಮಿಷನರಿ ದಂಪತಿಗೆ ಹುಟ್ಟಿದವನು. ದೇವರು ಕೊಟ್ಟ ಕಾಲು ಎಂದು ಓಡುತ್ತಾನೆ. ಅವನು ಹೆಸರಾಗಿದ್ದ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಬರುತ್ತದೆ. ಅದು ದೇವರ ದಿನ, ಓಡುವುದಿಲ್ಲ ಎಂದುಬಿಡುತ್ತಾನೆ. ಯುವರಾಜನೇ ಕೂತು ಹೇಳಿದರೂ ಜಗ್ಗುವುದಿಲ್ಲ. ಕೊನೆಗೆ 400 ಮೀಟರಿಗೆ ಇಳಿದು 47.6 ಸೆಕೆಂಡಿನಲ್ಲಿ ಚಿನ್ನ ಗೆಲ್ಲುತ್ತಾನೆ.

ಒಂದು ದಿನ ಓಡಿದರೆ ಏನು ಮುಳುಗಿಹೋಗುತ್ತದೆ ಎಂದು ಪೇಟೆಯವರು ಕೇಳಬಹುದು. ನಮ್ಮ ಹಲವಾಗಲಿನಂಥ ತುಂಗಭದ್ರೆ ದಂಡೆಯ ಊರಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡಬಾರದು. ಭೂಮಿಯ ಹದ ಆರುತ್ತಿದೆ ಎಂದು ಕಣ್ಣಿಗೆ ಕಂಡರೂ ಇಡದ ಒಕ್ಕಲು ಮನೆಗಳಿವೆ. ಟ್ರ್ಯಾಕ್ಟರಿಗೆ ಸೋಮವಾರವಿಲ್ಲ ಎಂಬುದು ಬೇರೆ ಮಾತು ಬಿಡಿ.

ಇನ್ನೊಂದು ನಂಟೂ ಇದೆ. ಲಿಡೆಲ್‌ನನ್ನು ಚೀನಾದ ಟಿಯೆಂಟ್ಸಿನ್ ನಗರದ ಶಾಲೆಗೆ ಶಿಕ್ಷಕನಾಗಿ ಕಳುಹಿಸಿದ್ದು ಲಂಡನ್ ಮಿಷನ್. ಅದೇ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತಂದ. ಬಳ್ಳಾರಿಯ ವಾರ್ಡ್‌ಲಾ ಶಾಲೆ ಆ ಮಿಷನ್ನಿನದೇ. ಆಟಗಳೂ ಹೆಚ್ಚು ಕಡಿಮೆ ಅದೇ ದಾರಿಯಲ್ಲಿ ಬಂದವು. ಬ್ಯಾಸ್ಕೆಟ್‌ಬಾಲ್ 1891ರಲ್ಲಿ, ವಾಲಿಬಾಲ್ 1895ರಲ್ಲಿ ಹುಟ್ಟಿದ್ದು ಅಮೆರಿಕದ ವೈ.ಎಂ.ಸಿ.ಎ. ಎಂಬ ಕ್ರೈಸ್ತ ಯುವಕರ ಸಂಘದಲ್ಲಿ. ಆ ಸಂಘದ ಹ್ಯಾರಿ ಬಕ್ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜು ತೆರೆದ. ಆಗ ನಮ್ಮ ಬಳ್ಳಾರಿ ಜಿಲ್ಲೆ ಮದರಾಸಿಗೇ ಸೇರಿತ್ತು, 1953ರ ತನಕವೂ. ನಾವೆಲ್ಲ ಲಂಗ ಎತ್ತಿ ಕಟ್ಟಿಕೊಂಡು ಆಡಿದ ಥ್ರೋಬಾಲನ್ನು ಹೆಂಗಸರ ಆಟವೆಂದು ಈ ಕಡೆ ಹಬ್ಬಿಸಿದ್ದೂ ಅದೇ ಮದರಾಸಿನ ಸಂಘ ಎನ್ನುತ್ತಾರೆ. ಲಿಡೆಲ್ ಓಡಿದ 1924ರ ಪ್ಯಾರಿಸ್ ಕೂಟಕ್ಕೆ ಭಾರತದ ತಂಡವನ್ನು ಕರೆದೊಯ್ದ ಮ್ಯಾನೇಜರ್ ಕೂಡ ಇದೇ ಬಕ್. ಆಟದ ಹಿಂದೆ ಮತದ ಗಾಳ ಇತ್ತೇ ಎಂದು ಕೇಳುವವರಿದ್ದಾರೆ, ಆ ಪ್ರಶ್ನೆ ಸುಳ್ಳಲ್ಲ. ಆದರೆ ನೆಟ್ ಕಟ್ಟಿದ ಮೇಲೆ ಚೆಂಡು ಊರಿನದಾಯಿತು.

ಈಗ ಚಿತ್ರದ ತಕರಾರಿಗೆ ಬರುತ್ತೇನೆ. ಲಿಡೆಲ್‌ಗೆ ಭಾನುವಾರದ ಸುದ್ದಿ ತಿಳಿಯುವುದು ಹಡಗು ಹತ್ತುವಾಗ; ಆಮೇಲೆ ಒಬ್ಬ ಸಿರಿವಂತ ಗೆಳೆಯ 400 ಮೀಟರಿನ ತನ್ನ ಜಾಗವನ್ನು ಬಿಟ್ಟುಕೊಡುತ್ತಾನೆ. ನೋಡಲು ಚೆನ್ನ, ಆದರೆ ನಡೆದದ್ದು ಹಾಗಲ್ಲ. ವೇಳಾಪಟ್ಟಿ ತಿಂಗಳುಗಳ ಮೊದಲೇ ತಿಳಿದಿತ್ತು. ಅಷ್ಟೂ ತಿಂಗಳು ಅವನು 400 ಮೀಟರಿಗೆ ಮೈ ಹುರಿಗೊಳಿಸಿದ. ಮಕ್ಕಳನ್ನು ಮೈದಾನಕ್ಕೆ ಬಿಟ್ಟ ಯಾವ ಶಿಕ್ಷಕಿಯನ್ನು ಕೇಳಿದರೂ ಹೇಳುತ್ತಾಳೆ, ದಾನವಾಗಿ ಬಂದ ಜಾಗದಲ್ಲಿ ನಾಲ್ಕು ದಿನಕ್ಕೆ 400 ಮೀಟರ್ ಗೆಲ್ಲಲಾಗದು. ಬೆವರನ್ನು ತೆಗೆದು ಅಲ್ಲಿ ಪವಾಡ ಇಟ್ಟಿದ್ದಾರೆ.

ತಂಗಿ ಜೆನ್ನಿಯ ಪಾತ್ರ ಇನ್ನೂ ಬೇಸರ ತರುತ್ತದೆ. ಓಟದ ಹುಚ್ಚು ಹಿಡಿದು ದೇವರ ಕೆಲಸ ಮರೆತೆ ಎಂದು ಅಣ್ಣನಿಗೆ ಮುಖ ಗಂಟಿಕ್ಕುವುದೇ ಅವಳ ಕೆಲಸ. ನಿಜವಾದ ಜೆನ್ನಿ ಅಣ್ಣನ ಓಟಕ್ಕೆ ಅಡ್ಡ ಬಂದವಳಲ್ಲ. ಗಂಡಸಿನ ಸಾಧನೆಯ ಕತೆಗೆ ಒಂದು ಅಡ್ಡಗಾಲು ಬೇಕಾದಾಗ ಮನೆಯ ಹೆಣ್ಣೊಬ್ಬಳನ್ನು ತಂದು ನಿಲ್ಲಿಸುವುದು ನಮ್ಮ ಸಿನಿಮಾಗಳ ಚಾಳಿ ಮಾತ್ರ ಎಂದುಕೊಂಡಿದ್ದೆ.

ನನ್ನ ದೊಡ್ಡ ಅಸಮಾಧಾನ ಬೇರೆಯೇ ಇದೆ. ಚಿತ್ರದ ಮೊದಲ ಭಾಗದಲ್ಲಿ ಚರ್ಚು ಬಿಟ್ಟ ಮೇಲೆ ಒಬ್ಬ ಹುಡುಗ ಚೆಂಡು ಒದೆಯುತ್ತಿರುತ್ತಾನೆ. ಭಾನುವಾರ ಆಡುವ ದಿನವಲ್ಲ ಎಂದು ಲಿಡೆಲ್ ಅವನಿಗೆ ಮೃದುವಾಗಿ ಹೇಳಿ, ನಾಳೆ ಬೆಳಿಗ್ಗೆ ಬಾ, ನಾನೂ ಆಡುತ್ತೇನೆ ಎನ್ನುತ್ತಾನೆ. ಒಳ್ಳೆಯ ದೃಶ್ಯ. ಆದರೆ ಇದಕ್ಕೆ ಜೋಡಿಯಾಗಬೇಕಿದ್ದ ದೃಶ್ಯ ಚಿತ್ರದಲ್ಲಿಲ್ಲ.

ಅದು ನಡೆದದ್ದು ಸುಮಾರು 20 ವರ್ಷಗಳ ನಂತರ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಚೀನಾದಲ್ಲಿದ್ದ ಪರದೇಶಿಯರನ್ನು ವೈಶಿಯೆನ್ ಎಂಬಲ್ಲಿ ಬೇಲಿಯೊಳಗೆ ಕೂಡಿಹಾಕಿದರು. 1943ರಿಂದ ಲಿಡೆಲ್ ಅಲ್ಲಿ ಸೆರೆಯಾಳು. ಹೆಂಡತಿ ಫ್ಲಾರೆನ್ಸ್ 1941ರಲ್ಲೇ ಮಕ್ಕಳೊಂದಿಗೆ ಕೆನಡಾಕ್ಕೆ ಹೋಗಿದ್ದಳು. ಅಲ್ಲಿ ಹುಟ್ಟಿದ ಮೂರನೆಯ ಮಗಳ ಮುಖವನ್ನು ಅವನು ನೋಡಲೇ ಇಲ್ಲ. ಶಿಬಿರದ ಮಕ್ಕಳಿಗೆ ಪಾಠ ಹೇಳಿದ. ಪ್ರಯೋಗಶಾಲೆ ಇಲ್ಲದ್ದಕ್ಕೆ ರಸಾಯನಶಾಸ್ತ್ರದ ಉಪಕರಣಗಳನ್ನು ಚಿತ್ರ ಬರೆದು ಕಲಿಸಿದ. ಮುರಿದ ಹಾಕಿ ಕೋಲುಗಳಿಗೆ ಹಾಸಿಗೆಯ ಬಟ್ಟೆ ಹರಿದು ಸುತ್ತಿದ. ಭಾನುವಾರ ಮಾತ್ರ ಆಟವಿಲ್ಲ. ಬೇಸತ್ತ ಮಕ್ಕಳು ಒಂದು ಭಾನುವಾರ ಹಟಕ್ಕೆ ಬಿದ್ದು ತಾವೇ ಹಾಕಿ ಆಡಿದರು, ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ. ತೀರ್ಪುಗಾರರಿಲ್ಲದ ಆಟ ಹೊಡೆದಾಟವಾಗಿ ಮುಗಿಯಿತು. ಮುಂದಿನ ಭಾನುವಾರ ಲಿಡೆಲ್ ತಾನೇ ಮೈದಾನಕ್ಕೆ ಬಂದು ತೀರ್ಪುಗಾರನಾಗಿ ನಿಂತ.

ಅರಸೊತ್ತಿಗೆಗೆ ಬಿಟ್ಟುಕೊಡದ ಭಾನುವಾರವನ್ನು ಮಕ್ಕಳಿಗೆ ಬಿಟ್ಟುಕೊಟ್ಟ. ಅವನ ಭಕ್ತಿ ಸಡಿಲವಾಯಿತೆಂದು ನನಗೆ ಅನ್ನಿಸುವುದಿಲ್ಲ. ಪ್ಯಾರಿಸಿನಲ್ಲಿ ‘ಬೇಡ’ ಎಂದಾಗ ನಷ್ಟವಾದದ್ದು ಅವನೊಬ್ಬನಿಗೆ. ಶಿಬಿರದಲ್ಲಿ ‘ಬೇಡ’ ಎಂದರೆ ಕೈ ಮುರಿದುಕೊಳ್ಳುತ್ತಿದ್ದವರು ಮಕ್ಕಳು. ಈ ವ್ಯತ್ಯಾಸ ಅವನಿಗೆ ತಿಳಿಯಿತು. ಚಿತ್ರ ತೆಗೆದವರಿಗೆ ತಿಳಿಯಲಿಲ್ಲ. ಒಂಟಿ ಮನುಷ್ಯ, ಅವನ ಎದೆ, ಅವನ ಹಟ, ಇಷ್ಟೇ ಅವರಿಗೆ ನಂಬಿಕೆಯಾಗಿ ಕಂಡಿತು.

ಇದು ನನಗೇಕೆ ನಾಟುತ್ತದೆಂದರೆ, ತಾಲ್ಲೂಕು ಮಟ್ಟದ ಪಂದ್ಯಗಳು ಬಂದಾಗಲೆಲ್ಲ ನಮ್ಮ ಹುಡುಗಿಯರ ಪಾಲಿಗೂ ‘ಬೇಡ’ ಬರುತ್ತದೆ. ಅಮಾವಾಸ್ಯೆ, ಜಾತ್ರೆ, ಉಪವಾಸ, ಮೈಲಿಗೆ, ಚಡ್ಡಿಯ ಉದ್ದ. ಯಾವ ಮತದ ಮನೆಯೂ ಇದಕ್ಕೆ ಹೊರತಲ್ಲ. ಆದರೆ ಆ ‘ಬೇಡ’ವನ್ನು ಓಡುವವಳು ಹೇಳುವುದಿಲ್ಲ, ಅಪ್ಪ, ಅಣ್ಣ, ಅಜ್ಜಿ, ಕೆಲವು ಸಲ ನಮ್ಮಂಥ ಶಿಕ್ಷಕಿಯರೇ ಹೇಳುತ್ತಾರೆ. ಅವಳೇ ಹೇಳಿದ್ದರೆ ನಾನೂ ಲಿಡೆಲ್‌ಗೆ ತಟ್ಟಿದಂತೆ ಚಪ್ಪಾಳೆ ತಟ್ಟುತ್ತಿದ್ದೆ.

ಚಿತ್ರದ ಕೊನೆಯಲ್ಲಿ, ಲಿಡೆಲ್ ಚೀನಾದಲ್ಲಿ ತೀರಿಕೊಂಡನೆಂದು ಒಂದೆರಡು ಸಾಲು ತೆರೆಯ ಮೇಲೆ ಬಂದುಹೋಗುತ್ತದೆ. ಅವನು ಮಿದುಳಿನ ಗೆಡ್ಡೆಯಿಂದ ಸತ್ತದ್ದು 1945ರ ಫೆಬ್ರವರಿ 21ರಂದು, ಬಿಡುಗಡೆಗೆ ಆರು ತಿಂಗಳು ಉಳಿದಿರುವಾಗ, 43ನೇ ವಯಸ್ಸಿನಲ್ಲಿ. ಅದಕ್ಕೆ ಕೆಲವೇ ವಾರಗಳ ಮೊದಲು, ಸವೆದುಹೋದ ತನ್ನ ಓಟದ ಬೂಟುಗಳನ್ನು ಶಿಬಿರದ ಒಬ್ಬ ಹುಡುಗನಿಗೆ ಕೊಟ್ಟಿದ್ದ. ಚಳಿಗಾಲ, ಹುಡುಗನ ಕಾಲಲ್ಲಿದ್ದವು ಪೂರಾ ಹರಿದಿದ್ದವು. ನಮ್ಮ ಹೆಣ್ಣುಮಕ್ಕಳಿಗೆ ಈ ಚಿತ್ರ ತೋರಿಸುವ ಶಿಕ್ಷಕಿಯರು ಪೂರ್ತಿ ತೋರಿಸಲಿ. ಆದರೆ ಆ ಕೊನೆಯ ಸಾಲುಗಳು ಬಂದಾಗ ಟಿವಿ ಆರಿಸಿ, ಬೂಟಿನ ಕತೆಯನ್ನೂ ಎರಡನೆಯ ಭಾನುವಾರದ ಕತೆಯನ್ನೂ ತಾವೇ ಹೇಳಬೇಕು.