ಬಳಕೆ ವೆಚ್ಚ ಸಮೀಕ್ಷೆ: ಅಡುಗೆಮನೆ ಕಂಡಿತು, ಬಂಗಲೆ ಕಾಣಲಿಲ್ಲ

ಮನೆಯ ಆದಾಯ ಎಷ್ಟೆಂದು ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ. ರೈತನಿಗೂ ತಳ್ಳುಗಾಡಿಯವನಿಗೂ ತಿಂಗಳ ಆದಾಯ ಎಂಬುದೊಂದು ನಿಗದಿಯಾಗಿ ಇರುವುದೇ ಇಲ್ಲ. ಹಾಗಾಗಿ ಭಾರತದಲ್ಲಿ ಕುಟುಂಬಗಳ ಸ್ಥಿತಿಯನ್ನು ಬಹುಕಾಲದಿಂದ ಅವುಗಳ ಖರ್ಚಿನಿಂದಲೇ ಅಳೆಯಲಾಗುತ್ತಿದೆ. ಈ ಅಳತೆಗೋಲೇ ಬಳಕೆ ವೆಚ್ಚ ಸಮೀಕ್ಷೆ. 2022-23ರಲ್ಲಿ ತಲಾ ಮಾಸಿಕ ವೆಚ್ಚ ಹಳ್ಳಿಗಳಲ್ಲಿ 3,773 ರೂಪಾಯಿ, ನಗರಗಳಲ್ಲಿ 6,459 ರೂಪಾಯಿ ಎಂದು ಅದು ಲೆಕ್ಕ ಹಾಕಿತು.

ಅಡುಗೆಮನೆಯ ವಿಷಯದಲ್ಲಿ ಸಮೀಕ್ಷೆಯನ್ನು ನಂಬಬಹುದು. ಆದಾಯ ಏರಿದಂತೆ ಆಹಾರಕ್ಕೆ ಹೋಗುವ ಪಾಲು ಇಳಿಯುತ್ತದೆ ಎಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಗುರುತಿಸಿದ್ದ. ಗ್ರಾಮೀಣ ಭಾರತದಲ್ಲಿ ಆ ಪಾಲು 2011-12ರ ಸುಮಾರು ಶೇ. 53ರಿಂದ 2022-23ಕ್ಕೆ ಶೇ. 46ಕ್ಕೆ ಇಳಿದಿದೆ. ಒಟ್ಟು ವೆಚ್ಚದಲ್ಲಿ ಅಕ್ಕಿ, ಗೋಧಿ, ರಾಗಿಗಳಿಗೆ ಹೋಗುವುದು ಶೇ. 5ರಷ್ಟು ಮಾತ್ರ, ಪಾನೀಯ, ಕುರುಕಲು, ಸಿದ್ಧ ತಿಂಡಿಗಳಿಗೆ ಅದರ ಸುಮಾರು ಎರಡರಷ್ಟು.

ದೊಡ್ಡ ಲೋಪ ಇರುವುದು ಕಾಲದ ವಿಷಯದಲ್ಲಿ. 2017-18ರ ಸಮೀಕ್ಷೆ ನಡೆದರೂ, ದತ್ತಾಂಶದ ಗುಣಮಟ್ಟ ಸರಿಯಿಲ್ಲವೆಂದು ಸರಕಾರ ಫಲಿತಾಂಶವನ್ನು ತಡೆಹಿಡಿಯಿತು. ಹೀಗೆ 2011-12ರ ನಂತರ ಉಳಿದ ಹನ್ನೊಂದು ವರ್ಷಗಳ ಖಾಲಿ ಜಾಗಕ್ಕೆ ತೆತ್ತ ಬೆಲೆ ಸಣ್ಣದಲ್ಲ. 2012ನ್ನು ಮೂಲ ವರ್ಷವಾಗಿಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಶೇ. 45.86 ಇತ್ತು. ಅದು 2011-12ರ ಖರ್ಚಿನಿಂದ ಬಂದದ್ದು. ನಗರದ ಮನೆಗಳಲ್ಲಿ ಆಹಾರದ ಪಾಲು ಶೇ. 39ಕ್ಕೆ ಇಳಿದ ಮೇಲೂ ರಿಸರ್ವ್ ಬ್ಯಾಂಕ್ ಬಡ್ಡಿದರ ನಿರ್ಧರಿಸಲು ಹಳೆಯ ತೂಕವನ್ನೇ ನೋಡಬೇಕಾಯಿತು; ಟೊಮೆಟೊ, ಈರುಳ್ಳಿಗಳ ಏರಿಳಿತ ಇರಬೇಕಾದ್ದಕ್ಕಿಂತ ದೊಡ್ಡದಾಗಿ ಕಂಡಿತು. ಮೇಲಾಗಿ, ಒಂದು ಭೇಟಿಯಲ್ಲಿ ಮುಗಿಯುತ್ತಿದ್ದ ಪ್ರಶ್ನಾವಳಿ 2022-23ರಲ್ಲಿ ಮೂರು ಭೇಟಿಗಳಿಗೆ ಹಂಚಿಹೋಯಿತು. ಹಳೆಯ, ಹೊಸ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಬಡತನ ಇಷ್ಟು ಇಳಿಯಿತೆಂದು ಘೋಷಿಸುವುದು ಅವಸರದ ಕೆಲಸ.

ಇನ್ನು ಸಿರಿವಂತರ ಖರ್ಚು. ನಗರದ ಮೇಲ್ತುದಿಯ ಶೇ. 5 ಮಂದಿಯ ತಲಾ ವೆಚ್ಚ ತಿಂಗಳಿಗೆ 20,824 ರೂಪಾಯಿಯಂತೆ. ನಾಲ್ವರ ಮನೆಗೆ ಸುಮಾರು 83 ಸಾವಿರ. ಬೆಂಗಳೂರಿನ ಬಾಡಿಗೆ, ಶಾಲಾ ಶುಲ್ಕ ಬಲ್ಲವರಿಗೆ ಇದು ನಗು ತರಿಸೀತು. ಕಾವಲುಗಾರನಿರುವ ಗೇಟನ್ನು ದಾಟುವುದು ಸಮೀಕ್ಷಕರಿಗೆ ಸುಲಭವಲ್ಲ.

ಹಳ್ಳಿಯ ತಳದ ಶೇ. 5 ಮಂದಿಯದು 1,373 ರೂಪಾಯಿ. ಅಂಥ ಮಟ್ಟದ ಐವರ ಮನೆಯ ತಿಂಗಳ ಖರ್ಚು ಏಳು ಸಾವಿರವನ್ನೂ ಮುಟ್ಟದು. ಗೃಹಲಕ್ಷ್ಮಿ ಯೋಜನೆಯಡಿ ಕರ್ನಾಟಕದ ಮನೆಯೊಡತಿಗೆ ತಿಂಗಳಿಗೆ ಸಿಗುವ 2,000 ರೂಪಾಯಿ ಅದರ ಕಾಲು ಭಾಗಕ್ಕಿಂತ ಹೆಚ್ಚು, ಬಹುಪಾಲು ಅಂಗಡಿಗೇ ಹೋಗುವ ಹಣ. 2025ರ ಬಜೆಟ್ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ಕೊಟ್ಟ ತೆರಿಗೆ ವಿನಾಯಿತಿ ಈ ಮನೆಯ ಹತ್ತಿರವೂ ಸುಳಿಯದು. ಬೇಡಿಕೆ ಹೆಚ್ಚಿಸುವುದೇ ಗುರಿಯಾದರೆ ಸೋಪು, ಎಣ್ಣೆಗಳ ಜಿಎಸ್‌ಟಿ ಇಳಿಕೆಯೇ ಹೆಚ್ಚು ನೇರವಾದ ದಾರಿ.

ಪಡಿತರ, ಸೈಕಲ್, ಸಮವಸ್ತ್ರದಂಥ ಉಚಿತ ವಸ್ತುಗಳಿಗೆ ಬೆಲೆ ಕಟ್ಟಿದಾಗ ಗ್ರಾಮೀಣ ಸರಾಸರಿ 3,860ಕ್ಕೆ ಏರಿತು, ಅಂದರೆ ಬರೀ 87 ರೂಪಾಯಿ. ಸರಕಾರಿ ಶಾಲೆ, ಆಸ್ಪತ್ರೆಗಳ ಉಚಿತ ಸೇವೆ ಈ ಲೆಕ್ಕದಲ್ಲಿ ಇಲ್ಲ. ಹೀಗಾಗಿ ಸಾಲ ಮಾಡಿ ಖಾಸಗಿ ಆಸ್ಪತ್ರೆಗೆ ಹಣ ಕಟ್ಟಿದ ಕುಟುಂಬ, ಜಿಲ್ಲಾಸ್ಪತ್ರೆಯಲ್ಲಿ ಬಿಟ್ಟಿಯಾಗಿ ಗುಣಮುಖವಾದ ನೆರೆಮನೆಗಿಂತ ಸ್ಥಿತಿವಂತವಾಗಿ ಕಾಣುತ್ತದೆ.