ವಾರ್ತಾಪಟದಲ್ಲಿ ಶ್ರೀಸಾಮಾನ್ಯ

ದೂರದರ್ಶನ ವಾಹಿನಿಗಳ ವಾರ್ತೆಗಳಲ್ಲಿ ಮಂತ್ರಿಗೆ ಹೆಸರುಂಟು, ಪದವಿಯುಂಟು, ಪಂಡಿತನಿಗೆ ಆಸನವುಂಟು. ಬೀದಿಯಲ್ಲಿ ನಿಂತು ಮಾತನಾಡುವ ಗೃಹಸ್ಥನಿಗೆ ಅನೇಕ ವೇಳೆ ಹೆಸರೇ ಇರುವುದಿಲ್ಲ. ಅವನ ಮುಖದ ಕೆಳಗೆ ‘ಸ್ಥಳೀಯರು’ ಎಂದೋ ‘ಸಾರ್ವಜನಿಕರು’ ಎಂದೋ ಬರೆದಿರುತ್ತದೆ. ಒಬ್ಬನೇ ನಿಂತಿದ್ದರೂ ಬಹುವಚನ! ಇದು ಗೌರವಾರ್ಥದ ಬಹುವಚನವಲ್ಲ. ಯಾರಾದರೂ ಆದೀತೆಂಬ ಉದಾಸೀನದ್ದು.

2016ನೆಯ ಇಸವಿ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದುವೆಂದು ಪ್ರಕಟವಾಯಿತು. ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ನೂರಕ್ಕೆ ಸುಮಾರು 86ರಷ್ಟು ಇವೇ ಆಗಿದ್ದುವು. ಬ್ಯಾಂಕುಗಳ ಮುಂದೆ ಸಾಲುಗಳು ಬೆಳೆದುವು. ಸಾಲುಗಳ ಮುಂದೆ ಕ್ಯಾಮೆರಾಗಳು ಬಂದುವು. ವರದಿಗಾರರು ಕೇಳಿದುದು ಬಹುಮಟ್ಟಿಗೆ ಎರಡೇ ಪ್ರಶ್ನೆ: ಕಷ್ಟವಾಯಿತೆ? ಈ ಕ್ರಮ ಒಳ್ಳೆಯದೆ? ಮೊದಲನೆಯದರ ಉತ್ತರ ಕಣ್ಣೆದುರಿಗೇ ಇತ್ತು. ಎರಡನೆಯದರಲ್ಲಿ ಹೌದು, ಅಲ್ಲಗಳ ಹೊರತು ಬೇರೆ ಮಾತಿಗೆ ಎಡೆಯಿರಲಿಲ್ಲ. ಅಂಥ ಸಾಲಿನಲ್ಲಿ ನಿಲ್ಲುವ ತರಕಾರಿಯವಳು ಪ್ರತಿದಿನವೂ ಬಂಡವಾಳವನ್ನು ನಗದಿನಲ್ಲಿಯೇ ಹೂಡತಕ್ಕವಳು. ನಗದು ನಿಂತರೆ ಸಗಟು ಪೇಟೆಯಲ್ಲಿ ಯಾರಿಗೆ ಕಡ ಹುಟ್ಟುತ್ತದೆ, ಯಾರಿಗೆ ಹುಟ್ಟುವುದಿಲ್ಲ, ಬಡ್ಡಿ ಎಷ್ಟಕ್ಕೆ ಏರುತ್ತದೆ ಎಂಬುದನ್ನು ಅವಳು ಅರ್ಥಶಾಸ್ತ್ರಜ್ಞನಿಗೂ ತಿಳಿಸಿಕೊಡಬಲ್ಲಳು. ಅದನ್ನು ಕೇಳುವ ವ್ಯವಧಾನ ಯಾರಿಗಿತ್ತು? ಅವಳಂಥವರ ಕಣ್ಣೀರು ಒಂದು ವಾಹಿನಿಗೆ ಒದಗಿತು, ತಾಳ್ಮೆ ಇನ್ನೊಂದಕ್ಕೆ.

ಈ ದೋಷ ನಮ್ಮ ದೇಶಕ್ಕೇ ಮೀಸಲಾದುದಲ್ಲ. ಜಸ್ಟಿನ್ ಲೂಯಿಸ್ ಮೊದಲಾದ ಮೂವರು ವಿದ್ವಾಂಸರು ಬ್ರಿಟನ್ ಮತ್ತು ಅಮೆರಿಕದ ವಾರ್ತೆಗಳನ್ನು ಶೋಧಿಸಿ 2005ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅಲ್ಲಿಯೂ ಪೌರನು ಭಯವನ್ನೋ ಬೇಸರವನ್ನೋ ತೋಡಿಕೊಳ್ಳುವನೇ ಹೊರತು, ಮುಂದೆ ಏನು ಮಾಡತಕ್ಕದ್ದೆಂದು ಹೇಳುವುದು ಅತಿ ವಿರಳವೆಂದು ಅವರು ಕಂಡುಕೊಂಡರು.

ವಾರ್ತೆಗೆ ಕಾಲ ಅಲ್ಪವೆಂಬ ಸಮಾಧಾನವೊಂದುಂಟು. ಅರ್ಧಗಂಟೆಯ ವಾರ್ತೆಗೆ ಅದು ಒಪ್ಪೀತು. ಹಗಲಿರುಳೂ ನಡೆಯುವ ವಾಹಿನಿ, ಅದೇ ನಾಲ್ವರು ವಕ್ತಾರರ ಜಗಳಕ್ಕೆ ಸಂಜೆಯನ್ನೆಲ್ಲ ಧಾರೆಯೆರೆಯುತ್ತಿರುವಾಗ, ಈ ಮಾತನ್ನು ಹೇಗೆ ಆಡೀತು?

ಬೇರೆ ದಾರಿಯೂ ಇತ್ತು. 1975ರಲ್ಲಿ ಆರಂಭವಾದ ಗುಜರಾತಿನ ಖೇಡಾ ಪ್ರಯೋಗದಲ್ಲಿ, ಪೀಜ್ ಗ್ರಾಮದ ಪ್ರಸಾರಕೇಂದ್ರದಿಂದ ಸುತ್ತಣ ಹಳ್ಳಿಗಳ ಕೂಲಿ, ಅಸ್ಪೃಶ್ಯತೆ ಮೊದಲಾದ ವಿಷಯಗಳನ್ನು ಕುರಿತ ಕಾರ್ಯಕ್ರಮಗಳು ಹೊರಟುವು. ಅವು ವಾರ್ತೆಗಳಲ್ಲ, ನಿಜ. ಆದರೆ ಅವುಗಳನ್ನು ರಚಿಸುವುದರಲ್ಲಿಯೂ ಅಭಿನಯಿಸುವುದರಲ್ಲಿಯೂ ಹಳ್ಳಿಗರಿಗೇ ಪಾಲಿತ್ತು. ಏನನ್ನು ಕೇಳಬೇಕೆಂಬುದು ಕ್ಯಾಮೆರಾ ಹಿಡಿದವನೊಬ್ಬನ ಇಷ್ಟಕ್ಕೆ ಬಿಟ್ಟ ವಿಷಯವಾಗಿರಲಿಲ್ಲ.